ಸುತ್ತಿಗೆ ಬಡಿಯುವ ಜಡ್ಜು ಬೇಡ

ನಮಸ್ಕಾರ,

ನಿಮ್ಮ ‘ಎರಡು ಬಂದೂಕು’ ಕಥೆ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮೊದಲ ಮೂರು ಪುಟ ನನ್ನನ್ನು ಹಿಡಿದು ಕೂರಿಸಿದವು.

ಕೆನಡಾದ ಸಸ್ಕ್ಯಾಚೆವಾನ್‌ ಪ್ರಾಂತ್ಯದ ಚಳಿ, ಹೊಲದ ನಡುವಿನ ಒಂಟಿ ಮನೆ, ಬಂದೂಕು ಕದಿಯಲು ಬಂದ ಹುಡುಗ ಹಿಂಬಾಗಿಲು ಮೀಟುವಾಗ ಒದ್ದೆ ಕೈಗವಸು ಚಿಲಕಕ್ಕೆ ಅಂಟಿಕೊಳ್ಳುವುದು. ಸುಮ್ನೆ ಕೂತು ಕಟ್ಟಿದ್ದಲ್ಲ ಇದು. ಆದರೆ ಕೋರ್ಟು ಬಂದ ಕೂಡಲೇ ಎಲ್ಲ ಸಿನಿಮಾ ಆಗಿಬಿಡುತ್ತದೆ. ಜಡ್ಜು ಸುತ್ತಿಗೆ ಬಡಿದು ‘14 ವರ್ಷ ಕಠಿಣ ಸಜೆ’ ಅನ್ನುತ್ತಾರೆ. ಕೆನಡಾದ ಜಡ್ಜುಗಳು ಸುತ್ತಿಗೆ ಬಳಸುವುದೇ ಇಲ್ಲ. ಕಠಿಣ ಸಜೆ, ಸಾದಾ ಸಜೆ ಅನ್ನುವುದು ನಮ್ಮ ಕಡೆಯ ಮಾತು.

ಅಲ್ಲಿ ಬಂದೂಕು ಕದಿಯಲು ಕನ್ನ ಹಾಕುವುದಕ್ಕೇ ಬೇರೆ ಕಲಂ ಇದೆ. ಕ್ರಿಮಿನಲ್ ಕೋಡ್‌ನ 98, 2008ರಲ್ಲಿ ಸೇರಿಸಿದ್ದು. ಜಾಸ್ತಿ ಅಂದರೆ ಜೀವಾವಧಿ. ಕಡಿಮೆ ಅಂದರೆ ಇಷ್ಟು ಅಂತ ಕಾನೂನು ಹೇಳುವುದಿಲ್ಲ. ಹಾಗಾದರೆ ನಿಮ್ಮ ಜಡ್ಜು ಎಲ್ಲಿ ನಿಲ್ಲುತ್ತಾರೆ? ಯಾಕೆ ಅಲ್ಲೇ? ನಿಮ್ಮ ಕಥೆ ಇರುವುದು ಅಲ್ಲಿ. ನೀವು ಅದನ್ನು ಒಂದೇ ಏಟಿಗೆ ಮುಗಿಸಿಬಿಟ್ಟಿದ್ದೀರಿ.

ಹುಡುಗನಿಗೆ 19 ವರ್ಷ, ಹಿಂದೆ ಯಾವ ಕೇಸೂ ಇಲ್ಲ, ತಪ್ಪು ಒಪ್ಪಿಕೊಂಡಿದ್ದಾನೆ. ಇದೆಲ್ಲ ಅವನ ಕಡೆಗೆ. ಮಾರಿದ ಬಂದೂಕು ಮತ್ತೆ ಸಿಕ್ಕಿಲ್ಲ, ಯಾರ ಕೈಯಲ್ಲಿದೆಯೋ ಗೊತ್ತಿಲ್ಲ. ಇದು ಅವನಿಗೆ ಎದುರು. ಇನ್ನು ಅವನ ಅಜ್ಜಿ ಅಲ್ಲಿನ ಮೂಲನಿವಾಸಿ ಕ್ರೀ ಜನಾಂಗದವಳು ಅಂತ ಎರಡನೇ ಪುಟದಲ್ಲಿ ನೀವೇ ಬರೆದು, ಆಮೇಲೆ ಮರೆತಿದ್ದೀರಿ. ಜಡ್ಜು ಮರೆಯುವಂತಿಲ್ಲ. ಮೂಲನಿವಾಸಿಗಳಿಗೆ ಶಿಕ್ಷೆ ಕೊಡುವಾಗ ಅವರ ಜನ ಅನುಭವಿಸಿದ್ದನ್ನೂ ನೋಡಬೇಕು ಅಂತ 1999ರಲ್ಲೇ ಗ್ಲಾಡ್ಯೂ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದೆ. ಆ ಅಜ್ಜಿಯನ್ನು ಕೋರ್ಟಿನ ಬೆಂಚಿಗೆ ಕರೆತನ್ನಿ.

ಲೆಕ್ಕವನ್ನೂ ತೋರಿಸಿ. ಜಡ್ಜು 3 ವರ್ಷ ಸರಿ ಅಂದುಕೊಂಡರು ಅನ್ನೋಣ. ತೀರ್ಪಿಗೆ ಮುಂಚೆ ಹುಡುಗ 8 ತಿಂಗಳು ಒಳಗಿದ್ದ. ಸಾಮಾನ್ಯವಾಗಿ ಒಂದು ದಿನಕ್ಕೆ ಒಂದೂವರೆ ದಿನ ವಜಾ ಮಾಡುತ್ತಾರೆ, ಅಂದರೆ 12 ತಿಂಗಳು. ಉಳಿಯಿತು ಸರಿಯಾಗಿ 2 ವರ್ಷ. 2 ವರ್ಷ ಅಂದರೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಜೈಲು. ಒಂದು ದಿನ ಕಡಿಮೆಯಾದರೂ ಪ್ರಾಂತ್ಯದ ಜೈಲು. ಆ ಒಂದು ದಿನಕ್ಕಾಗಿ ಅವನ ವಕೀಲ ಎಷ್ಟು ಒದ್ದಾಡಬಹುದು, ಯೋಚಿಸಿ.

ಕೊನೆಯದಾಗಿ, ಶಿಕ್ಷೆ ಹೇಳುವ ಮುಂಚೆ ‘ನಿನಗೇನಾದರೂ ಹೇಳುವುದಿದೆಯಾ’ ಅಂತ ಜಡ್ಜು ಅವನನ್ನೇ ಕೇಳುತ್ತಾರೆ. ನಿಮ್ಮ ಹುಡುಗ ಕಥೆಯುದ್ದಕ್ಕೂ ತುಟಿ ಬಿಚ್ಚಿಲ್ಲ. ಅಲ್ಲಿ ಏನಂತಾನೆ? ಅದನ್ನು ಬರೆದು ಕಳಿಸಿ. ಆತುರವಿಲ್ಲ.

ನಿಮ್ಮ,
ಸಂಪಾದಕ