ಬೇರಿನ ಕಥೆಯನ್ನು ಒಂದೇ ಸಾಲಿಗೆ ಮುಗಿಸಬೇಡಿ

ನಮಸ್ಕಾರ.

ಕ್ಯಾಡ್ಮಿಯಂ ಎಂಬ ವಿಷಲೋಹ ಬೆರೆತ ನೀರಿನಲ್ಲಿ ಗೋಧಿ, ಭತ್ತದ ಸಸಿಗಳು ಹೇಗೆ ಬೆಳೆಯುತ್ತವೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ.

ಮೊದಲ ಎರಡು ಪುಟ ತೆಗೆದುಹಾಕಿ. ಮಾಲಿನ್ಯ ಹೆಚ್ಚುತ್ತಿದೆ, ಜನಸಂಖ್ಯೆ ಬೆಳೆಯುತ್ತಿದೆ ಎಂಬುದೆಲ್ಲ ಓದುಗರಿಗೆ ಗೊತ್ತು. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ, ‘ಬೇರುಗಳು ಮೋಟಾಗಿ, ಕಂದು ಬಣ್ಣಕ್ಕೆ ತಿರುಗಿದ್ದವು’ ಎಂಬ ಸಾಲಿನಲ್ಲಿ. ಇದನ್ನು ನೀವು ಕಣ್ಣಾರೆ ನೋಡಿದ್ದೀರಿ, ಅಲ್ವಾ? ಮತ್ತೆ ಒಂದೇ ಸಾಲಿಗೆ ಯಾಕೆ ನಿಲ್ಲಿಸಿದಿರಿ?

ಅದರ ಮುಂದೆಯೇ, ‘ಬೀಜಗಳು ಚೆನ್ನಾಗಿ ಮೊಳೆತಿದ್ದರಿಂದ ತೊಂದರೆ ಜಾಸ್ತಿ ಇಲ್ಲ’ ಎಂದಿದ್ದೀರಿ. ಎಡವಿದ್ದು ಇಲ್ಲೇ. ಮೊಳೆಯುವಾಗ ಬೇಕಾದ ಆಹಾರ ಬೀಜದೊಳಗೇ ಇರುತ್ತದೆ. ಸಿಪ್ಪೆಯೂ ಲೋಹವನ್ನು ಒಂದಷ್ಟು ತಡೆಯುತ್ತದೆ. ಬೇರು ಹೊರಗೆ ಬಂದ ಮೇಲೆ ಆ ಆಸರೆ ಇಲ್ಲ. ತುದಿಯ ಜೀವಕೋಶಗಳು ಒಂದು ಎರಡಾಗಿ, ಆಮೇಲೆ ಹಿಗ್ಗಿದರೆ ತಾನೇ ಬೇರು ಉದ್ದವಾಗುವುದು? ಕ್ಯಾಡ್ಮಿಯಂ ಈ ಎರಡಕ್ಕೂ ಅಡ್ಡ ಬರುತ್ತದೆ. ಹಾಗಾಗಿ ಎಲ್ಲ ಬೀಜಗಳೂ ಮೊಳೆತ ತಟ್ಟೆಯಲ್ಲೂ ಬೇರು ಗಿಡ್ಡವಾಗಿರಬಹುದು. ಎಷ್ಟು ಮೊಳೆತವು ಎಂಬುದಕ್ಕಿಂತ ಬೇರು ಎಷ್ಟು ಉದ್ದ ಬಂತು ಎಂಬುದೇ ಮುಖ್ಯ. ಆ ಅಳತೆ ನಿಮ್ಮ ಹತ್ತಿರ ಇದೆ. ಕೊನೆಯ ಪಟ್ಟಿಯಲ್ಲಿ ಸುಮ್ನೆ ಬಿದ್ದಿದೆ. ಅದನ್ನು ಮುಂದೆ ತನ್ನಿ.

‘ಸಸಿ ವಿಷದ ವಿರುದ್ಧ ಯುದ್ಧ ಸಾರುತ್ತದೆ’ ಎಂದು ಆರು ಕಡೆ ಬರೆದಿದ್ದೀರಿ. ಯುದ್ಧ ಬೇಡ, ಸಸಿ ಮಾಡುವ ಕೆಲಸವನ್ನು ತೋರಿಸಿ. ಅದು ತನ್ನ ಜೀವಕೋಶಗಳಲ್ಲಿರುವ ಗ್ಲುಟಾಥಯೋನ್ ಎಂಬ ಪುಟ್ಟ ಅಣುವನ್ನು ಬಳಸಿ ಫೈಟೋಕೆಲಾಟಿನ್ ಎಂಬ ಪುಟ್ಟ ಸರಪಳಿಗಳನ್ನು ಕಟ್ಟುತ್ತದೆ. ಅವುಗಳಲ್ಲಿರುವ ಗಂಧಕ ಕ್ಯಾಡ್ಮಿಯಂ ಅನ್ನು ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿದ ಲೋಹ ಜೀವಕೋಶದ ರಸದಾನಿ, ಅಂದರೆ ಅದರೊಳಗಿನ ರಸ ತುಂಬಿದ ಚೀಲ, ಸೇರುತ್ತದೆ. ಆದರೆ ಜೀವಕೋಶವನ್ನು ಆಕ್ಸಿಡೀಕರಣದ ಹಾನಿಯಿಂದ ಕಾಪಾಡುವುದಕ್ಕೂ ಅದೇ ಗ್ಲುಟಾಥಯೋನ್ ಬೇಕು! ಒಂದು ಕಡೆ ಖರ್ಚಾದರೆ ಇನ್ನೊಂದು ಕಡೆ ಕೊರತೆ. ಇದನ್ನು ಓದಿದವರಿಗೆ ಸಸಿಯ ಕಷ್ಟ ತಾನಾಗಿ ಅರ್ಥವಾಗುತ್ತದೆ. ಭತ್ತದ ಬೇರಿನಲ್ಲಿ ಕ್ಯಾಡ್ಮಿಯಂ ಅನ್ನು ರಸದಾನಿಗೆ ಸಾಗಿಸಲೆಂದೇ ಒಂದು ಪ್ರೋಟೀನ್ ಇದೆ. ಅದು ಸರಿಯಾಗಿ ಕೆಲಸ ಮಾಡದ ತಳಿಗಳಲ್ಲಿ ಲೋಹ ಮೇಲಕ್ಕೇರಿ ಕಾಳಿನವರೆಗೂ ಹೋಗುತ್ತದೆ. ಇದಕ್ಕೆ ಒಂದು ಇಡೀ ಪ್ಯಾರಾ ಕೊಡಿ.

ತಾಮ್ರ, ಸತುವನ್ನು ಸೀಸದ ಸಾಲಿಗೆ ಸೇರಿಸಬೇಡಿ. ಅವೆರಡೂ ಸಸಿಗೆ ಬೇಕೇ ಬೇಕು. ಅತಿಯಾದಾಗ ಮಾತ್ರ ವಿಷ.

ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮ ಕೊನೆಯ ಸಲಹೆ: ‘ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಸಾಕು.’ ನೀರು ನಿಂತರೆ ಭತ್ತಕ್ಕೆ ಸಿಗುವ ಕ್ಯಾಡ್ಮಿಯಂ ಕಡಿಮೆಯಾಗುತ್ತದೆ, ನಿಜ. ಆದರೆ ಮಣ್ಣಿನಲ್ಲಿ ಆರ್ಸೆನಿಕ್ ಕೂಡ ಇದ್ದರೆ, ಅದೇ ನೀರು ಅದನ್ನು ಬಿಡಿಸಿ ಬೇರಿಗೆ ಒಪ್ಪಿಸುತ್ತದೆ. ನಿಮ್ಮ ಮಾತು ನಂಬಿ ಗದ್ದೆಗೆ ನೀರು ಕಟ್ಟುವವರಿರುತ್ತಾರೆ. ಈ ಇಕ್ಕಟ್ಟನ್ನು ಹೇಳಿ, ಇಲ್ಲವೇ ಸಲಹೆಯನ್ನೇ ತೆಗೆಯಿರಿ.

ಇನ್ನೊಂದು ಪ್ರಶ್ನೆ. ಲೋಹದ ನೀರು ಹಾಕಿದ್ದು ಬೀಜ ನೆನೆಸಿದ ದಿನವೋ, ಬೇರು ಬಂದ ಮೇಲೋ? ಲೇಖನದಲ್ಲಿ ಎಲ್ಲೂ ಇಲ್ಲ. ತಿದ್ದಿ ಕಳಿಸುವಾಗ ಅದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ.