"ನೋಡೋಣ" ಅಂತಿದ್ದ ತಂಗಿ, ಹದಿನೆಂಟು ತಿಂಗಳು ಮುಂಚೆನೇ ಬುಕ್ ಮಾಡ್ಬೇಕು ಅಂತಿದ್ದ ಅಕ್ಕ

ಇದನ್ನ ಬರೀಬೇಕಾ ಬೇಡ್ವಾ ಅಂತ ತುಂಬಾ ದಿನ ಯೋಚ್ನೆ ಮಾಡಿದೀನಿ. ಅಕ್ಕ ತಂಗಿ ಇಬ್ಬರ ಒಪ್ಪಿಗೆನೂ ತಗೊಂಡು, ಗುರುತು ಸಿಗದ ಹಾಗೆ ಸುಮಾರು ವಿವರ ಬದಲಾಯಿಸಿ ಬರೀತಿದೀನಿ. ಬರೆಯೋಕೆ ಕಾರಣ ಅಂದ್ರೆ ಇದೇ ಥರದ ಜಗಳ ಹೊತ್ಕೊಂಡು ಕೌನ್ಸೆಲಿಂಗ್‌ಗೆ ನನ್ನ ಹತ್ರ ಬಂದ ಮೂರನೇ ಕುಟುಂಬ ಇದು. ಮೂರೂ ಸಲ ಮೇಲ್ನೋಟಕ್ಕೆ ಪ್ರಶ್ನೆ ಒಂದೇ, ಇಡೀ ಮನೆಯವರು ಹೋಗೋ ಕ್ರೂಸ್‌ನ ಎಷ್ಟು ತಿಂಗಳು ಮುಂಚೆ ಬುಕ್ ಮಾಡ್ಬೇಕು ಅನ್ನೋದು. ಮೊದಲ ಎರಡು ಸಲ ನಾನು ಅದನ್ನ ದುಡ್ಡಿನ ಜಗಳ ಅಂದ್ಕೊಂಡು ಕೂತಿದ್ದೆ. ಅದು ತಪ್ಪಾಗಿತ್ತು ಅನ್ನೋದು ಈ ಮೂರನೇ ಸಲ ಅರ್ಥ ಆಯ್ತು.

ಹಿನ್ನೆಲೆ ಇಷ್ಟೇ. ಅಪ್ಪನಿಗೆ 70 ತುಂಬತ್ತೆ, ಅಮ್ಮನಿಗೆ ಮಂಡಿನೋವು, ದೂರ ನಡೆಯೋಕಾಗಲ್ಲ, ವೀಲ್‌ಚೇರ್ ಬೇಕು. ಅಕ್ಕ, ಅವಳ ಗಂಡ, ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು. ತಂಗಿ ಮತ್ತೆ ಅವಳ ಗಂಡ. ಒಟ್ಟು ಎಂಟು ಜನ, ಒಂದು ವಾರದ ಕ್ರೂಸ್, ಹಡಗು ಹೊರಡೋದು ಹದಿನೆಂಟು ತಿಂಗಳಾದ್ಮೇಲೆ. ಅಕ್ಕ ಈಗ್ಲೇ ಬುಕ್ ಮಾಡೋಣ ಅಂತಾಳೆ, ತಂಗಿ ಮೂರು ತಿಂಗಳಿಂದ "ನೋಡೋಣ" ಅಂತಿದಾಳೆ. ಫೋನ್ ಮಾಡಿದ್ರೆ "ನೋಡೋಣ", ಮೆಸೇಜ್ ಮಾಡಿದ್ರೆ ಉತ್ತರನೇ ಇಲ್ಲ. ಅಕ್ಕ ಮೊದಲ ಸಲ ನನ್ನ ಹತ್ರ ಬಂದಾಗ ಹೇಳಿದ್ದು, ಅವಳಿಗೆ ನಾವು ಯಾರೂ ಬೇಡ, ಮದುವೆ ಆದ್ಮೇಲೆ ಬದಲಾಗ್ಬಿಟ್ಟಿದಾಳೆ, ಅಪ್ಪನ ಹುಟ್ಟಿದ ದಿನಕ್ಕೂ ಅವಳಿಗೆ ಪುರುಸೊತ್ತಿಲ್ಲ ಅಂತ.

ಅಕ್ಕನ ಆತುರ ಸುಮ್ನೆ ಅಲ್ಲ ಅನ್ನೋದನ್ನ ಇಲ್ಲಿ ಹೇಳ್ಲೇಬೇಕು. ಲಾಸ್ಟ್ ಮಿನಿಟ್‌ನಲ್ಲಿ ಅಗ್ಗಕ್ಕೆ ಸಿಗತ್ತೆ ಕಾಯಿ ಅಂತ ತುಂಬಾ ಜನ ಹೇಳ್ತಾರೆ. ಅದು ಯಾವ ದಿನ ಬೇಕಾದ್ರೂ ಹೊರಡೋಕೆ ಆಗೋ, ಬಂದರಿನ ಹತ್ರನೇ ಇರೋ ಇಬ್ಬರು ದೊಡ್ಡೋರಿಗೆ ಸರಿ. ನಾಲ್ಕು ಜನ ಮಲಗೋ ಕ್ಯಾಬಿನ್ ಹಡಗಲ್ಲಿ ಕಮ್ಮಿನೇ ಇರತ್ತೆ, ಒಳಗಿಂದ ಬಾಗಿಲು ಇರೋ ಜೋಡಿ ಕ್ಯಾಬಿನ್ ಇನ್ನೂ ಕಮ್ಮಿ, ವೀಲ್‌ಚೇರ್ ಒಳಗೆ ತಿರುಗೋ ಅಷ್ಟು ಜಾಗ ಇರೋ ಕ್ಯಾಬಿನ್ ಅಂತೂ ಬೆರಳೆಣಿಕೆ, ಅದ್ರಲ್ಲೂ ಸ್ಕೂಲ್ ರಜ ಅಂದ್ರೆ ಎಲ್ಲರ ಕಣ್ಣೂ ಅದೇ ವಾರದ ಮೇಲೆ. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿರಲ್ಲ, ಹಡಗಿನ ಒಂದೊಂದು ಭಾಗದ ಜನಕ್ಕೂ ಇಂತಿಷ್ಟು ಅಂತ ಲೈಫ್‌ಬೋಟ್ ಲೆಕ್ಕ ಇರತ್ತೆ, ಅದು ತುಂಬಿದ್ರೆ ಕ್ಯಾಬಿನ್ ಖಾಲಿ ಇದ್ರೂ ಮೂರನೆಯವರನ್ನ ನಾಲ್ಕನೆಯವರನ್ನ ಹಾಕ್ಕೊಳಲ್ಲ, ಕೂಸೂ ಆ ಲೆಕ್ಕದಲ್ಲಿ ಒಬ್ಬ ಪೂರ್ತಿ ಮನುಷ್ಯ. ಹಾಗಾಗಿ ಇಂಥ ಕುಟುಂಬ ಹನ್ನೆರಡರಿಂದ ಹದಿನೆಂಟು ತಿಂಗಳು ಮುಂಚೆ ಹಿಡಿದಿಟ್ಕೊಳೋದು ಬುದ್ಧಿವಂತಿಕೆನೇ. ಅಕ್ಕ ಇದನ್ನೆಲ್ಲ ಓದಿದ್ಲು. ಕರಾರಿನ ಸಣ್ಣಕ್ಷರ ಕೂಡ ಬಿಟ್ಟಿರ್ಲಿಲ್ಲ.

ಮೂರನೇ ಭೇಟಿಗೆ ತಂಗಿನ ಕರ್ಕೊಂಡು ಬಂದ್ಲು. ಇಲ್ಲಿಂದ ಮುಂದೆ ಆಗಿದ್ದನ್ನ ನಾನು ಎಷ್ಟೋ ಸಲ ಮನಸ್ಸಲ್ಲೇ ತಿರುಗಿಸಿ ನೋಡಿದೀನಿ.

ಅಕ್ಕ ಮೇಜಿನ ಮೇಲೆ ಕಾಗದ ಹರಡಿದ್ಲು. ಯಾವ ಡೆಕ್, ಯಾವ ಕ್ಯಾಬಿನ್, ಅಡ್ವಾನ್ಸ್ ಎಷ್ಟು, ವಾಪಸ್ ಬರೋ ಅಡ್ವಾನ್ಸ್ ಆದ್ರೆ ಎಷ್ಟು ಜಾಸ್ತಿ, ಬಾಕಿ ದುಡ್ಡು ಹೊರಡೋಕೆ 90 ದಿನ ಮುಂಚೆ ಕಟ್ಬೇಕು, ಅದಾದ್ಮೇಲೆ ರದ್ದು ಮಾಡಿದ್ರೆ ದಿನ ಹತ್ರ ಬಂದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ದಂಡ ಏರತ್ತೆ, ಕೊನೆ ದಿನಗಳಲ್ಲಿ ಪೂರ್ತಿ ಹೋಗತ್ತೆ. ಒಂದೇ ಉಸಿರಲ್ಲಿ ಹೇಳಿದ್ಲು. ತಂಗಿ ಕಾಗದ ನೋಡ್ತಿರ್ಲಿಲ್ಲ, ತನ್ನ ಕೈ ನೋಡ್ಕೊಂಡು ಕೂತಿದ್ಲು. ನಾನು ಅವಳನ್ನ ಕೇಳಿದೆ, ಇದ್ರಲ್ಲಿ ನಿಮಗೆ ಏನಾದ್ರೂ ಕೇಳೋದಿದ್ಯಾ ಅಂತ. ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಅಕ್ಕನ ಮುಖ ನೋಡದೇನೇ ಕೇಳಿದ್ಲು,

"ಹಡಗಲ್ಲಿ ಎಷ್ಟು ವಾರದ ತನಕ ಹತ್ತಿಸ್ಕೊತಾರೆ?"

ಅಕ್ಕ ಅದೇ ಓಘದಲ್ಲಿ, ವಿಚಾರಣೆ ಕೌಂಟರ್‌ನಲ್ಲಿ ಕೂತವರ ಹಾಗೆ ಹೇಳ್ಕೊಂಡು ಹೋದ್ಲು. "24ನೇ ವಾರಕ್ಕೆ ಕಾಲಿಟ್ಟಿರಬಾರ್ದು, ಅದೂ ಹತ್ತೋ ದಿನದ ಲೆಕ್ಕ ಅಲ್ಲ, ಇಳಿಯೋ ದಿನದ ಲೆಕ್ಕ, ಡಾಕ್ಟರ್ ಪತ್ರ ಬೇಕು, ಮಗು ಆದ್ಮೇಲೆ ಆದ್ರೆ ಆರು ತಿಂಗಳು ತುಂಬಿರಬೇಕು, ಸಾಗರ ದಾಟೋ ಪ್ರಯಾಣ ಆದ್ರೆ ಒಂದು ವರ್ಷ..." ಅಂತ ಹೇಳ್ತಾ ಹೇಳ್ತಾ ನಿಲ್ಲಿಸ್ಬಿಟ್ಲು. ಕೈಯಲ್ಲಿದ್ದ ಪೆನ್ ಕೆಳಗಿಟ್ಲು.

ತಂಗಿ ಹೇಳಿದ್ದು ನಾಲ್ಕೇ ಮಾತು. ಮಗು ಆಗ್ಲಿ ಅಂತ ಎರಡು ವರ್ಷದಿಂದ ಟ್ರೀಟ್‌ಮೆಂಟ್ ತಗೋತಿದೀವಿ, ಯಾರಿಗೂ ಹೇಳಿಲ್ಲ. "ನಾನು ಹೂಂ ಅಂದ್ರೆ ಅಷ್ಟೊತ್ತಿಗೆ ಏನೂ ಆಗಿರಲ್ಲ ಅಂತ ನಾನೇ ಒಪ್ಕೊಂಡ ಹಾಗೆ ಆಗತ್ತೆ. ಇಲ್ಲ ಅಂದ್ರೆ ಯಾಕೆ ಅಂತ ಹೇಳ್ಬೇಕಾಗತ್ತೆ. ನೀನು ಕೇಳಿದಾಗೆಲ್ಲ ನಂಗೆ ಹದಿನೆಂಟು ತಿಂಗಳು ಮುಂದೆ ನೋಡು ಅಂದ ಹಾಗಿರತ್ತೆ ಅಕ್ಕಾ, ನಾನು ಮುಂದಿನ ಹದಿನೈದು ದಿನ ಮಾತ್ರ ನೋಡ್ಕೊಂಡು ಬದುಕ್ತಿದೀನಿ."

ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. 24ನೇ ವಾರದಿಂದ ಹೆರಿಗೆ ತನಕ ಸುಮಾರು ನಾಲ್ಕು ತಿಂಗಳು, ಅಲ್ಲಿಂದ ಮಗುಗೆ ಆರು ತಿಂಗಳು ತುಂಬೋ ತನಕ, ಒಟ್ಟು ಹತ್ತಿರ ಹತ್ತಿರ ಹತ್ತು ತಿಂಗಳು ಬಾಗಿಲು ಮುಚ್ಚಿರತ್ತೆ. ಆ ಹತ್ತು ತಿಂಗಳು ಎಲ್ಲಿ ಬೀಳತ್ತೆ ಅಂತ ಹದಿನೆಂಟು ತಿಂಗಳು ಮುಂಚೆ ಹೇಳೋಕೆ ಅವಳಿಗೆ ಸಾಧ್ಯನೇ ಇಲ್ಲ. "ನೋಡೋಣ" ಅನ್ನೋದು ಅವಳು ಪ್ರಾಮಾಣಿಕವಾಗಿ ಹೇಳಬಹುದಾಗಿದ್ದ ಒಂದೇ ಉತ್ತರ, ಅದನ್ನೇ ಮನೆಯವರು ಉದಾಸೀನ ಅಂತ ಓದ್ಕೊಂಡಿದ್ರು, ಮೊದಲೆರಡು ಭೇಟಿಯಲ್ಲಿ ಅಕ್ಕನ ಮಾತು ಕೇಳಿ ನಾನೂ ಹಾಗೇ ಓದ್ಕೊಂಡಿದ್ದೆ. ಅದು ನನ್ನನ್ನ ಈಗ್ಲೂ ಕಾಡತ್ತೆ.

ಅಕ್ಕ ಅಳೋಕೆ ಶುರು ಮಾಡಿದ್ಲು, ಕ್ರೂಸೇ ಬೇಡ, ಕ್ಯಾನ್ಸಲ್, ಅಪ್ಪನ ಹುಟ್ಟಿದ ದಿನ ಮನೆಯಲ್ಲೇ ಮಾಡೋಣ ಅಂದ್ಲು. ತಂಗಿ ಮುಖ ಇನ್ನೂ ಬಾಡಿತು. ನಾನು ಆಗ ಕಾಗದ ಎತ್ಕೊಂಡು, ಬನ್ನಿ ಬುಕಿಂಗ್ ಬಗ್ಗೆ ಮಾತಾಡೋಣ ಅಂದೆ. ಒಬ್ಬ ಸಹೋದ್ಯೋಗಿ ಆಮೇಲೆ ಇದನ್ನ ಒಪ್ಪಲಿಲ್ಲ, ಅಂಥ ಹೊತ್ತಲ್ಲಿ ದುಃಖದ ಜೊತೆ ಕೂರಬೇಕಿತ್ತು, ನೀವು ಟ್ರಾವೆಲ್ ಏಜೆಂಟ್ ಕೆಲಸ ಮಾಡಿದ್ರಿ ಅಂದ್ರು. ನಾನು ಒಪ್ಪಲ್ಲ. ಕ್ರೂಸ್ ರದ್ದಾಗಿದ್ರೆ ಮನೆಯವರೆಲ್ಲ ಕಾರಣ ಕೇಳ್ತಿದ್ರು, ಇಲ್ಲಾ ಅಕ್ಕ ಸುಳ್ಳು ಹೇಳ್ಬೇಕಿತ್ತು ಇಲ್ಲಾ ತಂಗಿ ಗುಟ್ಟು ಹೊರಗೆ ಬರ್ಬೇಕಿತ್ತು, ಅದ್ರ ಮೇಲೆ ನನ್ನಿಂದ ಅಪ್ಪನ ಸಂಭ್ರಮ ಹಾಳಾಯ್ತು ಅನ್ನೋ ಭಾರ ಅವಳ ತಲೆ ಮೇಲೆ. ಟ್ರೀಟ್‌ಮೆಂಟ್‌ನಲ್ಲಿ ಇರೋ ಹೆಣ್ಣುಮಗಳಿಗೆ ಎಲ್ಲರೂ ತಮ್ಮ ಬದುಕು ನಿಲ್ಲಿಸಿ ಕಾಯ್ತಿದಾರೆ ಅನ್ನೋದಕ್ಕಿಂತ ದೊಡ್ಡ ಹೊರೆ ಇಲ್ಲ, ಇದನ್ನ ನಾನು ನನ್ನ ಕೋಣೆಯಲ್ಲಿ ಬೇರೆ ಬೇರೆ ಮುಖಗಳಲ್ಲಿ ನೋಡಿದೀನಿ. ಅವಳಿಗೆ ಬೇಕಾಗಿದ್ದು ಉತ್ತರ ಕೊಡೋಕೆ ಟೈಮು, ಉಳಿದವರು ಹಾಯಾಗಿ ಹೊರಡೋದು.

ಕೊಟ್ಟ ಸಲಹೆ ಹೀಗಿತ್ತು. ಅಪ್ಪ ಅಮ್ಮಂದು ಮತ್ತೆ ಅಕ್ಕನ ಸಂಸಾರದ್ದು ಈಗ್ಲೇ ಬುಕ್ ಮಾಡಿ, ಅಮ್ಮನ ಕ್ಯಾಬಿನ್ ಮತ್ತೆ ಸಿಗಲ್ಲ. ತಂಗಿ ದಂಪತಿದು ಬೇರೆಯದೇ ಬುಕಿಂಗ್, ಬೇರೆ ನಂಬರ್, ಅವರ ಹೆಸರಲ್ಲಿ, ಅವರ ದುಡ್ಡಲ್ಲಿ. ಊಟಕ್ಕೆ ಒಂದೇ ಮೇಜು ಬೇಕು ಅಂದ್ರೆ ಎರಡು ಬುಕಿಂಗ್‌ನ ಜೋಡಿಸೋಕೆ ಹೇಳಿದ್ರೆ ಸಾಕು, ಜೋಡಿಸಿದ ಮಾತ್ರಕ್ಕೆ ಒಬ್ಬರದ್ದು ರದ್ದಾದ್ರೆ ಇನ್ನೊಬ್ಬರದ್ದು ಅಲ್ಲಾಡಲ್ಲ. ಒಂದೇ ಕ್ಯಾಬಿನ್ ಹಂಚ್ಕೊಳೋ ಯೋಚನೆ ಬೇಡ, ಅಲ್ಲಿ ಒಬ್ಬರು ಬಿಟ್ರೆ ಉಳಿದವರ ದರನೇ ಬದಲಾಗತ್ತೆ. ತಂಗಿದು ವಾಪಸ್ ಬರೋ ಅಡ್ವಾನ್ಸೇ ಆಗಿರ್ಲಿ, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ಆ ಜಾಸ್ತಿ ದುಡ್ಡು ಅವಳು ಯಾರಿಗೂ ಕಾರಣ ಕೊಡದೇ ಇರೋದಕ್ಕೆ ಕೊಡೋ ದುಡ್ಡು. ವಿಮಾನದ ಟಿಕೆಟ್ ಬಗ್ಗೆ ಈಗ ಜಗಳನೇ ಬೇಡ, ಹೆಚ್ಚಿನ ಏರ್‌ಲೈನ್‌ಗಳು ಸುಮಾರು ಹನ್ನೊಂದು ತಿಂಗಳು ಮುಂಚೆ ಮಾತ್ರ ಟಿಕೆಟ್ ಮಾರೋಕೆ ಶುರು ಮಾಡ್ತವೆ. ಇನ್ಶೂರೆನ್ಸ್ ಮಾತ್ರ ಮುಂದೂಡ್ಬೇಡಿ, ಎಷ್ಟೋ ಪಾಲಿಸಿಗಳಲ್ಲಿ ಮೊದಲೇ ಇರೋ ಕಾಯಿಲೆಗೆ ರಕ್ಷಣೆ ಬೇಕು ಅಂದ್ರೆ ಮೊದಲ ಅಡ್ವಾನ್ಸ್ ಕಟ್ಟಿದ ಎರಡು ಮೂರು ವಾರದೊಳಗೆ ತಗೋಬೇಕು, ಅಮ್ಮನಿಗೆ ಅದು ಮುಖ್ಯ. ಗರ್ಭ ನಿಂತಿದೆ ಅನ್ನೋದನ್ನ ರದ್ದು ಮಾಡೋಕೆ ಕಾರಣ ಅಂತ ಒಪ್ತಾರಾ, ಟ್ರೀಟ್‌ಮೆಂಟ್ ದಿನಾಂಕ ಬಂದ್ರೆ ಒಪ್ತಾರಾ, ಅದನ್ನ ಬರಹದಲ್ಲೇ ಕೇಳಿ ತಗೊಳಿ, ಒಂದೊಂದು ಪಾಲಿಸಿ ಒಂದೊಂದು ಥರ.

ಇದೆಲ್ಲದಕ್ಕಿಂತ ನಾನು ಒತ್ತಿ ಹೇಳಿದ್ದು ಒಂದು ದಿನಾಂಕದ ಬಗ್ಗೆ. ಹೊರಡೋಕೆ 100 ದಿನ ಮುಂಚೆ ಅಂತ ಇಟ್ಕೊಳಿ, ದುಡ್ಡು ಕಟ್ಟೋ ಗಡುವಿಗೆ ಇನ್ನೂ ಹತ್ತು ದಿನ ಇರತ್ತೆ. ಆ ದಿನ ತಂಗಿ "ಬರ್ತೀವಿ" ಅಥವಾ "ಬರಲ್ಲ" ಅಂತ ಒಂದು ಪದ ಹೇಳ್ತಾಳೆ. ಅದಕ್ಕೆ ಮುಂಚೆ ಯಾರೂ ಕೇಳ್ಬಾರ್ದು, ಆಮೇಲೂ ಯಾಕೆ ಅಂತ ಕೇಳ್ಬಾರ್ದು. ಆ ದಿನದ ಇನ್ನೊಂದು ಅನುಕೂಲನೂ ಕೂತು ಎಣಿಸಿ ತೋರಿಸಿದೆ, ಅವತ್ತಿಗೆ ಟೆಸ್ಟ್ ನೆಗೆಟಿವ್ ಇದ್ರೆ ಒಂದು ವಾರದ ಪ್ರಯಾಣ ಮುಗಿದು ಇಳಿಯೋ ಹೊತ್ತಿಗೂ 24ನೇ ವಾರ ಮುಟ್ಟೋ ಮಾತೇ ಇಲ್ಲ, ಅವತ್ತು ತಾನೇ ಒಂದೂವರೆ ತಿಂಗಳ ಗರ್ಭ ಅಂತ ಗೊತ್ತಾಗಿದ್ರೂ ಡಾಕ್ಟರ್ ಒಪ್ಪಿದ್ರೆ ಹೋಗಬಹುದು. ಅಂದ್ರೆ "ಬರ್ತೀವಿ" ಅನ್ನೋ ಮಾತಿಂದ ಯಾರೂ ಏನೂ ಊಹಿಸೋಕಾಗಲ್ಲ. ಟ್ರೀಟ್‌ಮೆಂಟ್ ದಿನ ಅಡ್ಡ ಬಂದು "ಬರಲ್ಲ" ಅನ್ನಬಹುದು, ಅದರಿಂದಲೂ ಊಹಿಸೋಕಾಗಲ್ಲ. ಅವತ್ತು ಇಡೀ ಒಂದು ಗಂಟೆಯಲ್ಲಿ ತಂಗಿ ನಕ್ಕಿದ್ದು ಈ ಲೆಕ್ಕ ಕೇಳಿದಾಗ ಮಾತ್ರ.

ಅಕ್ಕ ಸುಲಭಕ್ಕೆ ಒಪ್ಪಲಿಲ್ಲ. ಅವಳು ಬರ್ದೇ ಇದ್ರೆ ಎಲ್ಲರೂ ಒಟ್ಟಿಗೆ ಅನ್ನೋದೇ ಇಲ್ವಲ್ಲ, ಅಪ್ಪನಿಗೆ ಇನ್ನೆಷ್ಟು ಸಲ 70 ಆಗತ್ತೆ ಅಂದ್ಲು. ನಾನು ಕಟುವಾಗಿಯೇ ಹೇಳಿದೆ ಅನ್ಸತ್ತೆ, ಎಲ್ಲರೂ ಒಟ್ಟಿಗೆ ಅನ್ನೋದು ನಿಮ್ಮ ಆಸೆ, ಅದನ್ನ ಅವಳ ಮೈಮೇಲೆ ಷರತ್ತಾಗಿ ಹಾಕ್ಬೇಡಿ ಅಂತ. ಆ ಮಾತಿನ ಗಡಸು ಬೇಕಿರ್ಲಿಲ್ಲ, ಮಾತು ಮಾತ್ರ ಬೇಕಿತ್ತು ಅಂತ ಈಗ್ಲೂ ನಂಬಿದೀನಿ.

ಓದ್ತಿರೋರಲ್ಲಿ ಇಂಥ ಪ್ಲಾನ್ ಹಾಕ್ತಿರೋ ಅಕ್ಕಂದಿರು ಅಣ್ಣಂದಿರು ಇದ್ರೆ ನಿಮ್ಮನ್ನ ಕೇಳ್ಕೊಳೋದು ಇಷ್ಟು. ಒಂದೂವರೆ ವರ್ಷ ಮುಂಚೆ ದಿನಾಂಕ ಕೇಳೋದು ಅಂದ್ರೆ ಎದುರಿಗಿರೋರ ದೇಹ, ಕೆಲಸ, ಸಂಸಾರ ಅವತ್ತು ಹೇಗಿರತ್ತೆ ಅಂತ ಕೇಳಿದ ಹಾಗೆ. ಕೆಲವರಿಗೆ ಅದು ಸಲೀಸು. ಕೆಲವರ ಹತ್ರ ಉತ್ತರ ಇರಲ್ಲ, ಇನ್ನು ಕೆಲವರ ಹತ್ರ ಹೇಳೋಕಾಗದ ಉತ್ತರ ಇರತ್ತೆ, ನೌಕರಿ ಹೋಗೋ ಸೂಚನೆ ಸಿಕ್ಕಿರತ್ತೆ, ಗಂಡ ಹೆಂಡತಿ ಬೇರೆ ಆಗೋ ಮಾತು ನಡೀತಿರತ್ತೆ, ಒಂದು ರಿಪೋರ್ಟ್ ಬರೋದಿರತ್ತೆ. ನನ್ನ ಹತ್ರ ಬಂದಿದ್ದ ಮೊದಲಿನ ಎರಡು ಕುಟುಂಬದಲ್ಲೂ ಒಬ್ಬೊಬ್ಬರು ಹೀಗೇ ಸುಮ್ನಿದ್ರು, ಅವರನ್ನ ನಾನು ಸರಿಯಾಗಿ ಕೇಳ್ಲೇ ಇಲ್ಲ. ಕ್ಯಾಬಿನ್ ಬೇಗ ಹಿಡೀರಿ, ಮನುಷ್ಯರ ಉತ್ತರಕ್ಕೆ ಮಾತ್ರ ದುಡ್ಡಿನ ಗಡುವಿನ ತನಕ ಟೈಮ್ ಕೊಡಿ. ಆ ಗಡುವಿನ ಆಸುಪಾಸಲ್ಲೇ ಎಷ್ಟೋ ಜನ ಕೈಬಿಟ್ಟು ಕ್ಯಾಬಿನ್‌ಗಳು ವಾಪಸ್ ಮಾರಾಟಕ್ಕೆ ಬರ್ತವೆ, ಇಬ್ಬರೇ ಇರೋರಿಗೆ ಆಗ್ಲೂ ಜಾಗ ಸಿಗೋ ಸಾಧ್ಯತೆ ಇರತ್ತೆ.

ಅವರು ಹಾಗೇ ಬುಕ್ ಮಾಡಿದ್ರು. ನಡುವೆ ಒಂದು ವರ್ಷಕ್ಕೂ ಜಾಸ್ತಿ ನನಗೆ ಸುದ್ದಿ ಇರ್ಲಿಲ್ಲ. ಆ ನೂರನೇ ದಿನ ರಾತ್ರಿ ಅಕ್ಕ ಮೆಸೇಜ್ ಮಾಡಿದ್ಲು, "ತಂಗಿನೇ ಫೋನ್ ಮಾಡಿದ್ಲು, ಬರ್ತೀವಿ ಅಂದ್ಲು. ಖುಷಿ ಪಡಬೇಕಾ ಬೇಡ್ವಾ ಗೊತ್ತಾಗ್ಲಿಲ್ಲ. ಸರಿ ಅಂದೆ, ನಿಂಗೆ ಕಿಟಕಿ ಪಕ್ಕದ ಕುರ್ಚಿ ಇಡ್ತೀನಿ ಅಂದೆ, ಅಷ್ಟೇ."