ಗೇಮಿಂಗ್‌ಗೆ ಯಾವ ಹೆಡ್‌ಸೆಟ್ ತಗೊಳ್ಳಲಿ?

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಗೆಳೆಯರ ಜೊತೆ ವ್ಯಾಲೊರಂಟ್ ಆಡುತ್ತೇನೆ. ಬ್ಲೂಟೂತ್ ಹೆಡ್‌ಫೋನ್‌ನ ಮೈಕ್ ಆನ್ ಆದ ಕೂಡಲೇ ಆಟದ ಸದ್ದು ಕೆಡುತ್ತದೆ. ಮಳೆ ಬಂದರೆ ಶೀಟಿನ ಸದ್ದಿಗೆ ನನ್ನ ಮಾತು ಯಾರಿಗೂ ಕೇಳಲ್ಲ. 3,000 ರೂಪಾಯಿ ಒಳಗೆ ಯಾವುದು ಒಳ್ಳೆಯದು? ಸುತ್ತಲಿಂದ ಸದ್ದು ಬಂದಂತೆ ಕೇಳಿಸುವ 7.1 ಬೇಕಾ?
– ಓದುಗ, ಮೂಡಿಗೆರೆ

ಉತ್ತರ: ಹೆಡ್‌ಫೋನ್ ಕೆಟ್ಟಿಲ್ಲ ಬಿಡಿ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಶುರುವಾದರೆ ಅದು ಫೋನ್ ಕರೆಯ ಮೋಡ್‌ಗೆ ಹೋಗುತ್ತದೆ, ಆಗ ಸ್ಟೀರಿಯೊ ಹೋಗಿ ಎರಡೂ ಕಿವಿಗೆ ಒಂದೇ ಸದ್ದು ಬರುತ್ತದೆ, ಎದುರಾಳಿಯ ಹೆಜ್ಜೆ ಎಡದಿಂದ ಬಂತೋ ಬಲದಿಂದ ಬಂತೋ ಗೊತ್ತೇ ಆಗಲ್ಲ. ಸದ್ದು ತಡವಾಗಿಯೂ ಬರುತ್ತದೆ. ಈ ಬೆಲೆಗೆ ವೈರ್ ಇರುವುದನ್ನೇ ತಗೊಳ್ಳಿ. ವೈರ್‌ಲೆಸ್ಸೇ ಬೇಕೆಂದರೆ 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಇರುವುದನ್ನು ನೋಡಿ.

7.1ಕ್ಕೆ ಅಂತ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಬಹುತೇಕ ಹೆಡ್‌ಸೆಟ್‌ಗಳಲ್ಲಿ ಕಿವಿಗೊಂದೇ ಸ್ಪೀಕರ್ ಇರೋದು, ಉಳಿದದ್ದು ಸಾಫ್ಟ್‌ವೇರ್ ಕೆಲಸ. ವ್ಯಾಲೊರಂಟ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲೇ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ತಿಳಿಸುವ ಎಚ್‌ಆರ್‌ಟಿಎಫ್ ಇದೆ, ಆನ್ ಮಾಡಿ. ಆಗ ಹೆಡ್‌ಸೆಟ್‌ನ 7.1 ಆಫ್ ಇರಲಿ.

ನಿಮ್ಮ ಕಡೆಯ ಮಳೆಗೆ ಮುಖ್ಯ ಮೈಕ್. ಬಾಯಿ ಹತ್ತಿರ ಬರುವ ಕಡ್ಡಿ ಮೈಕ್ ಇರಲಿ, ತುಟಿಯ ಅಂಚಿನಿಂದ ಎರಡು ಬೆರಳು ದೂರ, ಸ್ವಲ್ಪ ಪಕ್ಕಕ್ಕೆ. ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮಾತಾಡುತ್ತಿದ್ದರೆ ಅಲ್ಲಿರುವ ಕ್ರಿಸ್ಪ್ (ಹಿನ್ನೆಲೆ ಸದ್ದು ತಗ್ಗಿಸುವ ಸೌಲಭ್ಯ) ಆನ್ ಮಾಡಿ, ಶೀಟಿನ ಸದ್ದು ಎಷ್ಟೋ ಕಡಿಮೆಯಾಗುತ್ತದೆ. ಮಲೆನಾಡಿನ ತೇವಕ್ಕೆ ರೆಕ್ಸಿನ್ ಕುಶನ್ ಸಿಪ್ಪೆ ಏಳುತ್ತದೆ ಅಲ್ವಾ, ಅದಕ್ಕೇ ಬದಲಿಸಬಹುದಾದ ಬಟ್ಟೆ ಕುಶನ್ ಒಳ್ಳೆಯದು. ಕಂಪ್ಯೂಟರ್‌ನಲ್ಲಿ ಮೈಕ್‌ಗೆ, ಸ್ಪೀಕರ್‌ಗೆ ಬೇರೆ ಬೇರೆ ತೂತು ಇದ್ದು ಹೆಡ್‌ಸೆಟ್‌ಗೆ ಒಂದೇ ಪಿನ್ ಇದ್ದರೆ ಒಂದು ಸ್ಪ್ಲಿಟರ್ ಬೇಕಾಗುತ್ತದೆ, ಅಂಗಡಿಯಲ್ಲೇ ಕೇಳಿ ತಗೊಳ್ಳಿ.